ಅಳು ಮೇಷ್ಟ್ರು

ರಂಗದ ಮೇಲೆ ರಾಣಿ ಸತ್ತ ಮಗನ ಪಾದಗಳನ್ನು ಹಿಡಿದುಕೊಂಡಳು. ಮೊದಲು ಅಂಗೈಯಿಂದ ಉಜ್ಜಿದಳು. ಆಮೇಲೆ ಬಾಯಿ ಹತ್ತಿರ ತಂದು ಬಿಸಿಯುಸಿರು ಊದಿದಳು. ಊದಿ, ಸೆರಗು ಸುತ್ತಿ, ಆ ಎರಡು ಪಾದಗಳನ್ನೂ ಕಂಕುಳಲ್ಲಿ ಅವುಚಿಕೊಂಡು, ಹೆಣ ಎತ್ತಲು ಬಂದವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಸುಮ್ಮನಿರಿ. ಬಿಸಿಯಾಗುತ್ತಿದೆ."

ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಎಳೆಯಿತು. ಅದು ಹೆಂಗಸರಿಗೆಂದೇ ಇಟ್ಟ ಹಗಲಾಟ. ಮಂಡ್ಯದ ಆ ತಗಡಿನ ಚಪ್ಪರದೊಳಗೆ ಕೂತಿದ್ದ ಅಷ್ಟೂ ಹೆಂಗಸರು ಒಟ್ಟಿಗೆ ಅತ್ತುಬಿಟ್ಟರು. ದೇವೀರಮ್ಮನ ಪಕ್ಕದಲ್ಲಿದ್ದ ಹನಕೆರೆಯ ಮುದುಕಿಯೊಬ್ಬಳು ಗುರುತು ಪರಿಚಯ ಒಂದೂ ಇಲ್ಲದೆ ಅವಳ ತೊಡೆ ಹಿಡಿದುಕೊಂಡು, "ಎತ್ತ ಒಟ್ಟೆ ಕಣವ್ವ, ಎತ್ತ ಒಟ್ಟೆ" ಎಂದು ಮೂಗು ಸೀಟಿದಳು. ದೇವೀರಮ್ಮನಿಗೆ ಅಳು ಬರಲಿಲ್ಲ. ಬಾಯೊಳಗೆ ಹುಳಿನೀರು ಕಿತ್ತುಕೊಂಡು ಬಂತು. ನುಂಗಿದಳು. ಮತ್ತೆ ಬಂತು.

ರಾಣಿಯ ವೇಷದಲ್ಲಿದ್ದವನು ಅವಳ ಗಂಡ ಜವರಯ್ಯ. ಬೆಸಗರಹಳ್ಳಿಯ ಭಜನೆ ಮನೆಯಲ್ಲಿ ಹಾಡುತ್ತಿದ್ದ ಹುಡುಗನನ್ನು ಕಂಪನಿಯ ಮಾಲೀಕ ರಾಮಾನುಜಯ್ಯಂಗಾರರು ಕರೆದುಕೊಂಡು ಹೋಗಿ, ಹಳ್ಳಿ ಹೆಸರು ಬೇಡವೆಂದು ಚಲುವನಾರಾಯಣ ಎಂದು ಹೆಸರಿಟ್ಟು, ಸೀರೆ ಉಡಿಸಿ, ಹೆಣ್ಣಿನ ನಡಿಗೆ ಕಲಿಸಿದ್ದರು. ಹದಿನೈದು ವರ್ಷದಿಂದ ಅವನು ರಾಣಿ, ರಾಜಕುಮಾರಿ, ಋಷಿಪತ್ನಿ. ದೇವೀರಮ್ಮ ಮಾತ್ರ ಅವನ ಒಂದು ಆಟವನ್ನೂ ನೋಡಿರಲಿಲ್ಲ. ಗಂಡ ಸೀರೆ ಉಟ್ಟುಕೊಂಡು ಅಳುವುದನ್ನು ಹೆಂಡತಿ ನೋಡಬಾರದು ಎಂದು ಅತ್ತೆ ಚಿಕ್ಕಬೋರಮ್ಮ ಮೊದಲಿಂದಲೂ ತಡೆದಿದ್ದಳು. ಈ ಸಲ ತಾವಿದ್ದ ಮದ್ದೂರಿನ ಓಣಿಯ ಹೆಂಗಸರೆಲ್ಲ ರೈಲು ಹತ್ತಿ ಹೊರಟಾಗ, ಬಲವಂತಕ್ಕೆ ಅವಳೂ ಬಂದಿದ್ದಳು.

ಎರಡು ಮಳೆಗಾಲದ ಹಿಂದೆ ಮದ್ದೂರಿನ ಮನೆಯ ನಡುಮನೆಯಲ್ಲಿ ಅವರ ಮಗ ಕೆಂಪಸಿದ್ದ ಗಂಟಲಮಾರಿಯಿಂದ ಸತ್ತಿದ್ದ. ಮೂರು ವರ್ಷ ತುಂಬಿರಲಿಲ್ಲ. ಕಂಪನಿ ಆಗ ಮಳವಳ್ಳಿಯಲ್ಲಿತ್ತು. ಜವರಯ್ಯ ಬಂದು ಮುಟ್ಟುವ ಹೊತ್ತಿಗೆ ಕೂಸಿನ ಉಸಿರು ನಿಂತಿತ್ತು. ಕೂಸಿನ ಕಾಲು ತಣ್ಣಗಿದೆಯೆಂದು ದೇವೀರಮ್ಮ ಉಜ್ಜುತ್ತ ಕೂತಿದ್ದಳು. ಉಜ್ಜಿ, ಊದಿ, ಸೆರಗು ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದಳು. ಎತ್ತಿಕೊಳ್ಳಲು ಬಂದವರಿಗೆ, ಮಲಗಿದ ಮಗು ಎಲ್ಲಿ ಎದ್ದುಬಿಡುತ್ತದೋ ಎನ್ನುವವಳ ಹಾಗೆ ಪಿಸುಗುಟ್ಟಿದ್ದಳು: "ಸುಮ್ಕಿರಿ, ಬಿಸಿ ಆಯ್ತಾ ಅದೆ." ಆಗ ತಲೆ ಎತ್ತಿದರೆ ಕಂಬ ಹಿಡಿದು ನಿಂತ ಗಂಡ ಕಂಡಿದ್ದ. ಅವನು ಅಳುತ್ತಿರಲಿಲ್ಲ. ರೆಪ್ಪೆ ಬಡಿಯದೆ ಅವಳ ಕೈಗಳನ್ನೇ ನೋಡುತ್ತಿದ್ದ. ದುಃಖ ತಡೆಯಲಾರದೆ ಕಲ್ಲಾಗಿ ಹೋಗಿದ್ದಾನೆ ಎಂದುಕೊಂಡಿದ್ದಳು. ಆಮೇಲೆ ಊಟ ಸೇರದ ದಿನಗಳಲ್ಲೆಲ್ಲ ಆ ನೋಟವನ್ನು ನೆನೆಸಿಕೊಂಡು, ನನ್ನ ಹಾಗೆ ಬೆಂದವನು ಇನ್ನೊಬ್ಬನಿದ್ದಾನೆ ಎಂದು ಎದ್ದು ಒಲೆ ಹಚ್ಚಿದ್ದಳು.

ಅವನು ಪಾಠ ಕಲಿಯುತ್ತ ನಿಂತಿದ್ದ.

ಆಟ ಮುಗಿದ ಮೇಲೆ ಅವಳು ಓಣಿಯವರನ್ನು ಬಿಟ್ಟು ಪರದೆಯ ಹಿಂದಕ್ಕೆ ಹೋದಳು. ಜವರಯ್ಯ ಪೆಟ್ಟಿಗೆಯ ಮೇಲೆ ಕೂತು ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದ. ಅರ್ಧ ಮುಖ ರಾಣಿಯದು, ಅರ್ಧ ಅವನದು. ಎಣ್ಣೆಯೂ ಮುಖಕ್ಕೆ ಬಳಿಯುವ ಅರದಾಳವೂ ಬೆವರೂ ಬೆರೆತ ಕಮಟು ವಾಸನೆ. ಸೀರೆಯೊಳಗಿನಿಂದ ಕೂದಲು ತುಂಬಿದ ಮೀನಖಂಡ ಹೊರಗೆ ಚಾಚಿತ್ತು.

"ಬಂದೆಯಾ ದೇವೀರಿ, ಕೂತುಕೋ" ಎಂದ. ಮನೆಯಲ್ಲೂ ಅವನು ಆಡುತ್ತಿದ್ದುದು ಕಂಪನಿಯ ಕನ್ನಡವೇ. "ಹೇಗಿತ್ತು?"

"ಅದು ನಮ್ ಕೂಸಿಂದು" ಎಂದಳು.

"ಹೌದು." ಅವನೇನೂ ಮುಚ್ಚಿಡಲಿಲ್ಲ. "ಅದನ್ನು ಸೇರಿಸಿದ ಮೇಲೆ ನಾಟಕದ ದೆಸೆಯೇ ತಿರುಗಿತು. ಇಷ್ಟು ಜನ ತಾಯಂದಿರು ನಮ್ಮ ಮಗುವಿಗೇ ಅಳುತ್ತಿದ್ದಾರೆ ಅಂದುಕೋ. ಯಾವ ಮಗುವಿಗೆ ಸಿಗುತ್ತದೆ ಅಂಥ ಭಾಗ್ಯ?"

ಅವನು ಎಣ್ಣೆಯ ಬಟ್ಟೆ ಕೆಳಗಿಟ್ಟು, ಯಾರಾದರೂ ಕೇಳಿಸಿಕೊಂಡಾರೆಂದು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದ.

"ಒಂದು ಕೇಳಬೇಕೆಂದು ಬಹಳ ದಿನದಿಂದ ಇದ್ದೆ. ನೀನು ಮೊದಲು ಹಿಡಿದದ್ದು ಯಾವ ಕಾಲು? ಎಡಗಾಲೋ, ಬಲಗಾಲೋ? ಅದೊಂದು ನನಗೆ ಸರಿಯಾಗಿ ಕಾಣಲಿಲ್ಲ. ಯಾರೋ ಅಡ್ಡ ನಿಂತಿದ್ದರು."

ಚಪ್ಪರದ ಹೊರಗೆ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಗಾಳಿಯ ತುಂಬ ಕಾಕಂಬಿಯ ಸಿಹಿ ನಾತ. ದೇವೀರಮ್ಮ ಒಂದು ಗಾಡಿಯ ಚಕ್ರ ಹಿಡಿದುಕೊಂಡು, ಹೊಟ್ಟೆಯಲ್ಲಿದ್ದುದೆಲ್ಲ ಹೋಗುವವರೆಗೂ ಕಾರಿಕೊಂಡಳು. ಗಾಡಿಯವನು ಇಳಿದು ಬಂದು ತಂಬಿಗೆಯಲ್ಲಿ ನೀರು ಕೊಟ್ಟ. "ಬಸುರಾ ತಾಯಿ?" ಎಂದು ಕೇಳಿದ. ಅವಳು ಅಲ್ಲವೆಂದು ತಲೆಯಾಡಿಸಿ ಬಾಯಿ ಮುಕ್ಕಳಿಸಿದಳು.

ಅವಳು ಬಿಟ್ಟು ಹೋಗಲಿಲ್ಲ. ಹೋಗುವುದೆಂದರೆ ಎಲ್ಲಿಗೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಗಂಡನಾದವನು ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ತಾಯಿಗೆ ಎದುರಾಡುತ್ತಿರಲಿಲ್ಲ. ಇಂಥವನ ಮೇಲೆ ದೂರು ಹೇಳುವುದಾದರೂ ಏನೆಂದು? ಆದರೆ ಕಂಪನಿಯ ಒಂದು ಊರಿನ ಕ್ಯಾಂಪು ಮುಗಿದು ಇನ್ನೊಂದು ಶುರುವಾಗುವ ನಡುವೆ ಅವನು ಮನೆಗೆ ಬಂದರೆ ಅವಳ ಮೈ ಮುದುರುತ್ತಿತ್ತು. ಚಿಕ್ಕಬೋರಮ್ಮ ಕೆಮ್ಮಿದರೆ ಅವನು ಕೆಮ್ಮು ನಿಲ್ಲುವವರೆಗೂ ಅವಳ ಎದೆಗೂಡನ್ನು ನೋಡುತ್ತಿದ್ದ. ಬಾಗಿಲಿಗೆ ಬಂದ ಭಿಕ್ಷುಕಿಗೆ ಹಿಟ್ಟು ಹಾಕುವ ಮೊದಲು ಅವಳು ಕೈಯೊಡ್ಡುವ ರೀತಿ ನೋಡುತ್ತಿದ್ದ. ಅವನು ಉಂಡೆದ್ದ ತಟ್ಟೆ ಎತ್ತುವಾಗ ದೇವೀರಮ್ಮನಿಗೆ ಅದರಲ್ಲಿ ಅನ್ನ ಸಾರು ಕಾಣುತ್ತಿರಲಿಲ್ಲ, ಇನ್ಯಾವುದೋ ಎಂಜಲು ಕಾಣುತ್ತಿತ್ತು.

ಅಷ್ಟರಲ್ಲಿ ಟಾಕಿ ಬಂತು. ಮೊದಲು ಮೈಸೂರಿಗೆ, ಆಮೇಲೆ ಟೆಂಟು ಹೊತ್ತುಕೊಂಡು ಮಂಡ್ಯಕ್ಕೆ, ಮದ್ದೂರಿಗೆ. ಪರದೆಯ ಮೇಲೆ ನಿಜವಾದ ಹೆಂಗಸರೇ ಹಾಡುತ್ತಾರೆ, ನಿಜವಾದ ಕುದುರೆಯೇ ಓಡುತ್ತದೆ ಎಂದಮೇಲೆ ಗಂಡಸು ಸೀರೆ ಉಟ್ಟು ಬರುವುದನ್ನು ನೋಡಲು ಯಾರು ಬರುತ್ತಾರೆ? ಎರಡು ವರ್ಷ ತಿಣುಕಿ ಕಂಪನಿ ಮುರಿದುಬಿತ್ತು. ಅಯ್ಯಂಗಾರರು ಪರದೆಗಳನ್ನು ಮಾರಿ, ಅದೇ ಟಾಕಿ ಟೆಂಟುಗಳಿಗೆ ಏಜೆಂಟರಾದರು. ರಾಜನ ಪಾರ್ಟು ಮಾಡುತ್ತಿದ್ದ ಅಂಕಯ್ಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕೆಲಸಕ್ಕೆ ಸೇರಿದ. ಸಿಂಹಾಸನದ ಮೇಲಿಂದ ಕೂಗುತ್ತಿದ್ದ ಅದೇ ಕಂಠದಲ್ಲಿ ಗಾಡಿಯವರನ್ನು ಗದರುತ್ತಾನೆಂದು ಜನ ನಗುತ್ತಿದ್ದರು. ಹಾಸ್ಯದವನು ಸಂತೆಗಳಲ್ಲಿ ಹಲ್ಲುಪುಡಿ ಮಾರತೊಡಗಿದ. ಜವರಯ್ಯನಿಗೆ ಮಾತ್ರ ಬೇರೆ ಏನೂ ಬರುತ್ತಿರಲಿಲ್ಲ. ಮೂವತ್ತೈದು ದಾಟಿದ ಗಂಡಸು, ಹುಬ್ಬು ತೀಡಿಕೊಂಡು, ಉದ್ದ ಕೂದಲಿಗೆ ಎಣ್ಣೆ ಹಾಕಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದ. ಬೀದಿಯಲ್ಲಿ ಹೋಗುವ ಪಡ್ಡೆಗಳು "ಏನ್ ರಾಣಿಯೋರೇ" ಎಂದು ಕೂಗಿ ಹೋಗುತ್ತಿದ್ದರು. ಆಗ ದೇವೀರಮ್ಮನಿಗೆ ಹೇಸಿಗೆಯ ಜೊತೆಗೆ ಅಯ್ಯೋ ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಅವನು ಅಡಿಗೆಮನೆಗೆ ಬಂದು ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತ.

"ಮದರಾಸಿನಿಂದ ಟಾಕಿ ಡೈರೆಕ್ಟರು ಬರುತ್ತಿದ್ದಾರೆ. ಅಯ್ಯಂಗಾರರು ಹೇಳಿ ಕಳಿಸಿದ್ದು. ನಮ್ಮ ರಾಣಿಯ ಕಥೆಯನ್ನೇ ಟಾಕಿ ಮಾಡುತ್ತಾರಂತೆ."

"ನೀವೇ ರಾಣಿನಾ?"

"ಅದೆಲ್ಲಿ ಇನ್ನು? ಇಂದ್ರಮ್ಮ ಅಂತ ಒಬ್ಬಳು ಮಾಡುತ್ತಾಳೆ. ಗ್ರಾಮಾಫೋನಿನಲ್ಲಿ ಹಾಡಿದ್ದಾಳಲ್ಲ, ಅವಳು. ಆದರೆ ಅವಳಿಗೆ ಮಗುವಿನ ಕಾಲು ಉಜ್ಜುವ ಆ ಜಾಗ ಬರುತ್ತಿಲ್ಲ. ಕಲಿಸಿಕೊಡುವುದಕ್ಕೆ ನನ್ನನ್ನು ಇಟ್ಟುಕೊಳ್ಳುವ ಯೋಚನೆ ಅವರಿಗಿದೆ." ಸ್ವಲ್ಪ ಹೊತ್ತು ನೆಲ ಕೆರೆದ. "ನಾನು ಮಾತಿಗೆ ಹೇಳಿಬಿಟ್ಟೆ. ಅದನ್ನು ಮೊದಲು ಮಾಡಿದವಳು ನಮ್ಮ ಮನೆಯಲ್ಲೇ ಇದ್ದಾಳೆ, ಬೇಕಾದರೆ ತೋರಿಸುತ್ತಾಳೆ ಅಂತ."

ದೇವೀರಮ್ಮ ಮುದ್ದೆ ತಿರುವುತ್ತಿದ್ದವಳು ಕೋಲನ್ನು ಹಾಗೇ ಹಿಡಿದುಕೊಂಡು ಕೂತಳು.

"ಒಂದೇ ಒಂದು ಸಲ ದೇವೀರಿ. ನಾವು ಮೂವರೂ ಉಣ್ಣಬೇಕಲ್ಲ."

ಒಳಗಿನ ಕತ್ತಲಿಂದ ಚಿಕ್ಕಬೋರಮ್ಮ ಮಾತಾಡಿದಳು. "ಏನ್ಲಾ ತೋರ್ಸಬೇಕು ಅವ್ಳು? ಎತ್ತೋಳ ಸಂಕ್ಟ ಏನ್ ಗೊಂಬೆಯಾಟವಾ?"

"ನಿನಗೆ ಗೊತ್ತಾಗುವುದಿಲ್ಲ ಬಿಡವ್ವ" ಎಂದು ಅವನು ಎದ್ದುಹೋದ.

ಮಧ್ಯಾಹ್ನ ಪೇಟೆ ಬೀದಿಯಲ್ಲಿ ಕಾರು ನಿಂತಿತು. ಡೈರೆಕ್ಟರು ತೆಳ್ಳಗಿನ ಮನುಷ್ಯ, ಬಿಳಿ ಷರಾಯಿ, ತಮಿಳು ಬೆರೆತ ಕನ್ನಡ. ಅವರ ಹಿಂದೆ ಇಂದ್ರಮ್ಮ ಇಳಿದಳು. ಎಲೆಯಡಿಕೆ ಹಾಕಿ ಕೆಂಪಾದ ಬಾಯಿ, ನಿದ್ದೆಗೆಟ್ಟ ಕಣ್ಣು. ಕಾರಿನ ಧೂಳಿಗೆ ಸೆರಗು ಮುಚ್ಚಿಕೊಂಡಿದ್ದಳು. ಜವರಯ್ಯ ಅವರನ್ನು ನಡುಮನೆಗೆ ಕರೆತಂದು ಚಾಪೆ ಹಾಸಿದ. ದೇವೀರಮ್ಮ ಕಾಫಿ ತಂದಿಟ್ಟಳು. ಡೈರೆಕ್ಟರು ಲೋಟವನ್ನು ಮುಟ್ಟದೆ ಸುತ್ತ ನೋಡಿದರು.

"ಇಲ್ಲೇ ಅಲ್ವಾ ನಡೆದದ್ದು?"

"ಇಲ್ಲೇ ಸ್ವಾಮಿ. ಆ ಕಂಬದ ಪಕ್ಕ. ತಲೆ ಈ ಕಡೆ ಇತ್ತು" ಎಂದು ಜವರಯ್ಯ ಕೈಯಿಂದ ನೆಲದ ಮೇಲೆ ಗೆರೆ ಎಳೆದ ಹಾಗೆ ತೋರಿಸಿದ. ಆಮೇಲೆ ಕೋಣೆಯೊಳಗಿಂದ ಒಂದು ದಿಂಬು ತಂದು ಅಲ್ಲಿಟ್ಟ. "ದೇವೀರಿ, ಬಾ."

ಎಲ್ಲರೂ ಅವಳ ಕಡೆ ತಿರುಗಿದರು. ದೇವೀರಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಂಗೆ ಮರ್ತೋಗದೆ" ಎಂದಳು.

ಜವರಯ್ಯ ನಕ್ಕ. "ನಾಚಿಕೆ ಸ್ವಾಮಿ, ಹಳ್ಳಿಯವಳು. ಬಾ, ಯಾರೂ ಏನೂ ಅನ್ನುವುದಿಲ್ಲ."

"ಮರ್ತೋಗದೆ ಅಂದ್ನಲ್ಲ."

"ಬುಡಿ ಯಜಮಾನ್ರೇ" ಎಂದಳು ಇಂದ್ರಮ್ಮ. ಅವಳಿಗೆ ಆಗಲೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ನಂಗೇನ್ ಇವರು ತೋರ್ಸೋದ್ ಬ್ಯಾಡ. ನಾನೇ ಏನೋ ಮಾಡ್ಕೋತೀನಿ."

ಡೈರೆಕ್ಟರು ಗಡಿಯಾರ ನೋಡಿಕೊಂಡರು. ಅದನ್ನು ಕಂಡದ್ದೇ ಜವರಯ್ಯ ಪಂಚೆ ಮೇಲೆತ್ತಿ ಕಟ್ಟಿ, ಅಂಗವಸ್ತ್ರವನ್ನೇ ಸೆರಗು ಮಾಡಿಕೊಂಡು, ಕಂಬದ ಪಕ್ಕದಲ್ಲಿ ಕೂತುಬಿಟ್ಟ. ದಿಂಬಿನ ಎರಡು ಮೂಲೆಗಳನ್ನು ಹಿಡಿದು ಉಜ್ಜಿದ, ಊದಿದ, ಕಂಕುಳಿಗೆ ಅವುಚಿದ, ತಲೆ ಎತ್ತಿ, ಚಪ್ಪರದ ಕೊನೆಯ ಸಾಲಿಗೂ ಮುಟ್ಟುವ ದನಿಯಲ್ಲಿ, "ಸುಮ್ಮನಿರಿ, ಬಿಸಿಯಾಗುತ್ತಿದೆ" ಎಂದ. ಕಣ್ಣಿಂದ ದಳದಳ ನೀರು ಇಳಿಯಿತು.

"ನಾಟಕ" ಎಂದರು ಡೈರೆಕ್ಟರು. "ಕ್ಯಾಮರಾ ಹತ್ರ ಇರುತ್ತೆ. ಇಷ್ಟೆಲ್ಲ ಬೇಡ."

"ಕಮ್ಮಿ ಮಾಡುತ್ತೇನೆ ಸ್ವಾಮಿ." ಕಣ್ಣೊರೆಸಿಕೊಂಡು ಮತ್ತೆ ಮಾಡಿದ. ಈ ಸಲ ಕೈ ಅಷ್ಟು ಬೀಸಲಿಲ್ಲ. ಅದೂ ಬೇಡವೆಂದರು. ಮೂರನೆಯ ಸಲ ದನಿ ಇಳಿಸಿದ. ಅದೂ ಹೆಚ್ಚಾಯಿತು. ಪ್ರತಿ ಸಲವೂ ಅವನು ಒಂದೊಂದೇ ಆಭರಣ ಬಿಚ್ಚಿಡುವವನ ಹಾಗೆ, ರಾಗ ಬಿಟ್ಟ, ಬಿಕ್ಕು ಬಿಟ್ಟ, ಕಣ್ಣೀರು ಬಿಟ್ಟ. ಕೊನೆಗೆ ಅಲ್ಲಿ ಉಳಿದದ್ದು ಒಂದು ಕೈ, ದಿಂಬಿನ ಮೂಲೆಯೊಂದನ್ನು ಪಾದವೆಂಬಂತೆ ಮೆಲ್ಲಗೆ, ಅವಸರವಿಲ್ಲದೆ, ಹೆಬ್ಬೆರಳಿಂದ ಹಿಮ್ಮಡಿಯ ಕಡೆಗೆ ಉಜ್ಜುತ್ತಿರುವುದು. ಕಂಪನಿಯ ಕನ್ನಡವೂ ಉದುರಿಹೋಗಿತ್ತು. ತಲೆ ಎತ್ತಿ ಪಿಸುಗುಟ್ಟಿದ:

"ಸುಮ್ಕಿರಿ. ಬಿಸಿ ಆಯ್ತಾ ಅದೆ."

ಅದು ದೇವೀರಮ್ಮನ ದನಿ. ಅವಳದೇ. ಅಡಿಗೆಮನೆಯ ಕತ್ತಲಲ್ಲಿ ಚಿಕ್ಕಬೋರಮ್ಮ ಗೋಡೆಗೆ ಹಣೆ ಕೊಟ್ಟಳು. ಇಂದ್ರಮ್ಮ ದಡಕ್ಕನೆ ಎದ್ದು ಬೀದಿಬಾಗಿಲಿಗೆ ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಅಲ್ಲೇ ಬೆನ್ನು ತಿರುಗಿಸಿ ನಿಂತಳು. ಒಂದು ಗಳಿಗೆ ದೇವೀರಮ್ಮನಿಗೂ, ಇವನು ಈಗ ನಿಜವಾಗಿ ಮಗನ ಹತ್ತಿರ ಕೂತಿದ್ದಾನೆ ಅನಿಸಿತು. ಕಾಲು ತಾನಾಗಿ ಅವನ ಕಡೆ ಒಂದು ಹೆಜ್ಜೆ ಇಟ್ಟಿತು.

"ಇದು" ಎಂದರು ಡೈರೆಕ್ಟರು. "ಇದೇ ಬೇಕಾದ್ದು."

ಜವರಯ್ಯನ ಮುಖ ಅರಳಿತು. ಹೆಂಡತಿಯ ಕಡೆ ನೋಡಲಿಲ್ಲ, ನೆಲದ ಕಡೆ ನೋಡಲಿಲ್ಲ. ದಿಂಬು ಇನ್ನೂ ಕಂಕುಳಲ್ಲೇ ಇತ್ತು. ಹಲ್ಲು ಕಾಣುವಂತೆ ನಗುತ್ತ ಡೈರೆಕ್ಟರ ಮುಖವನ್ನೇ ನೋಡುತ್ತ, "ಉಜ್ಜುವುದು ಇನ್ನೂ ಸ್ವಲ್ಪ ನಿಧಾನ ಮಾಡಬಹುದು ಸ್ವಾಮಿ" ಎಂದ.

ದೇವೀರಮ್ಮ ಹೋಗಿ ಅವನ ಕೈಯಿಂದ ದಿಂಬು ಕಿತ್ತುಕೊಂಡಳು.

"ಎದ್ದೇಳು ಅಲ್ಲಿಂದ."

ಮದುವೆಯಾದಾಗಿನಿಂದ ಅವಳು ಅವನಿಗೆ ಏಕವಚನ ಆಡಿರಲಿಲ್ಲ. ಜವರಯ್ಯನಿಗೆ ಅರ್ಥವಾಗಲಿಲ್ಲ. "ಕೆಲಸ ಸಿಕ್ಕಿತು ದೇವೀರಿ" ಎಂದ.

"ಸಿಕ್ತಲ್ಲ, ಓಗು. ನಿನ್ ಮೈಯಿಂದ ನಾತ ಬತ್ತದೆ ನಂಗೆ. ಇಷ್ಟ್ ದಿನ ಆ ಬಣ್ಣದ್ದು ಅನ್ಕಂಡಿದ್ದೆ."

ಡೈರೆಕ್ಟರು ಕಾಫಿ ಕುಡಿಯದೆ ಎದ್ದರು. ಕಾರು ಹೊರಡುವಾಗ ಜವರಯ್ಯ ಪೆಟ್ಟಿಗೆ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದ. ಇಂದ್ರಮ್ಮ ಮಾತ್ರ ಹತ್ತುವ ಮೊದಲು ಹಿಂದಕ್ಕೆ ಬಂದು, ಬಾಗಿಲಲ್ಲಿದ್ದ ದೇವೀರಮ್ಮನ ಮೊಣಕೈ ಮುಟ್ಟಿದಳು. "ನಾನು ಮಾಡ್ಲೇಬೇಕಾಯ್ತದೆ ಕಣಕ್ಕ" ಎಂದಳು. "ಅನ್ನ ಅಲ್ವಾ."

ಆ ವಾರವೇ ಅವಳು ಮಳವಳ್ಳಿಯ ಬಸ್ಸು ಹತ್ತಿದಳು. ಅಲ್ಲಿ ಅವಳ ಅಕ್ಕ ಬೆಳ್ಳಮ್ಮ ಇದ್ದಳು. ಗಂಡ ಸತ್ತ ಮೇಲೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಹಿಡಿದಿದ್ದಳು. ಚಿಕ್ಕಬೋರಮ್ಮ ತಡೆಯಲಿಲ್ಲ. ಬಸ್ಸಿನ ತನಕ ಬಂದು, "ನಾನೂ ಬೆಸಗರಳ್ಳಿಗೆ ನಮ್ಮ್ ತಮ್ಮನ ಮನೆಗೆ ಓಯ್ತೀನಿ. ಆ ನಡುಮನೇಲಿ ನಂಗೂ ಕೂರಕ್ಕಾಗಲ್ಲ" ಎಂದಳು. ಸೊಸೆಯ ಗಂಟನ್ನು ತಾನೇ ಎತ್ತಿ ಕೊಟ್ಟಳು.

ನೂಲು ಬಿಚ್ಚುವ ಕೊಟ್ಟಿಗೆಯ ನಾತಕ್ಕೆ ಮೊದಮೊದಲು ದೇವೀರಮ್ಮನಿಗೆ ಊಟ ಸೇರುತ್ತಿರಲಿಲ್ಲ. ಕುದಿಯುವ ನೀರಿನಲ್ಲಿ ಗೂಡು ಬೆಂದು, ಒಳಗಿನ ಹುಳ ಬೆಂದು, ಆ ವಾಸನೆ ಸೀರೆಗೆ, ತಲೆಗೂದಲಿಗೆ, ಉಗುರಿಗೆ ಹತ್ತುತ್ತಿತ್ತು. ಕೈಯ ಚರ್ಮ ಬಿಳಿಚಿ ಸುಲಿಯಿತು. ತಿಂಗಳು ಕಳೆಯುವುದರೊಳಗೆ ಅಭ್ಯಾಸವಾಯಿತು. ಇದು ನಾತ ಅಂತ ಎಲ್ಲರಿಗೂ ಗೊತ್ತಿರುವ ನಾತ. ಯಾರೂ ಇದನ್ನು ಬೇರೆ ಏನೋ ಎಂದು ಹೇಳುತ್ತಿರಲಿಲ್ಲ. ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಎಳೆ ಹಿಡಿಯುತ್ತಿದ್ದಳು, ರಾತ್ರಿ ಅಕ್ಕನ ಪಕ್ಕ ಮಲಗಿದರೆ ನಿದ್ದೆ ಬರುತ್ತಿತ್ತು.

ಟಾಕಿ ಮುಗಿದು ಮಳವಳ್ಳಿಯ ಟೆಂಟಿಗೂ ಬಂತು. ಕೊಟ್ಟಿಗೆಯ ಹೆಂಗಸರೆಲ್ಲ ಹೋದರು, ಕಣ್ಣು ಊದಿಸಿಕೊಂಡು ಬಂದರು. ನಾಲ್ಕು ದಿನ ಅದರದೇ ಮಾತು. ಆಮೇಲೆ ಅಳು ತಮಾಷೆಗೆ ತಿರುಗಿತು. ಒಲೆ ಹೊತ್ತಿಸಿ ನೀರು ಕಾಯಲು ತಡವಾದರೆ ಒಬ್ಬಳು ಬಾಯಿಗೆ ಬೆರಳಿಟ್ಟುಕೊಂಡು, "ಸುಮ್ಕಿರಿ, ಬಿಸಿ ಆಯ್ತಾ ಅದೆ" ಅನ್ನುವಳು. ಉಳಿದವರು ಬಿದ್ದು ಬಿದ್ದು ನಗುವರು. ಬೆಳ್ಳಮ್ಮ ಒಂದು ಸಲ ಸೌದೆ ಎತ್ತಿಕೊಂಡು ಎದ್ದಳು. ದೇವೀರಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. "ಅವ್ರೇನ್ ಮಾಡಾರು ಬುಡಕ್ಕ" ಎಂದು ತನ್ನ ಬಾಣಲೆಗೆ ಗೂಡು ಸುರಿದಳು.

ಮಾರನೆಯ ವರ್ಷ, ಒಂದು ಸಂತೆಯ ದಿನ, ಜವರಯ್ಯ ಅಲ್ಲಿಗೆ ಬಂದ. ಕೂದಲು ಕತ್ತರಿಸಿದ್ದ, ಕೋಟು ಹಾಕಿದ್ದ. ಹುಬ್ಬು ಮತ್ತೆ ಗಂಡಸಿನ ಹುಬ್ಬಾಗಿ ಬೆಳೆದಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಮೂಗಿಗೆ ಕರ್ಚೀಫು ಹಿಡಿದು ಅವಳ ಹೆಸರು ಕೂಗಿದ. ಉಳಿದ ಹೆಂಗಸರು ಕೈಯಲ್ಲಿದ್ದ ಎಳೆ ಬಿಟ್ಟು ನೋಡಿದರು. ದೇವೀರಮ್ಮ ಏಳಲಿಲ್ಲ.

ಅವನೇ ಒಳಗೆ ಬಂದು ಅವಳ ಹಿಂದೆ ನಿಂತ. ಸೇಲಂನಲ್ಲಿ ಸ್ಟುಡಿಯೋದವರು ಕೊಟ್ಟ ಮನೆ ಇದೆ ಎಂದ. ಯಾವ ಹೊಸ ಹುಡುಗಿ ಬಂದರೂ ತನ್ನ ಹತ್ತಿರವೇ ಕಳಿಸುತ್ತಾರೆ, ತಾಯಿಯಾಗಿ ಅಳುವುದು, ವಿಧವೆಯಾಗಿ ಅಳುವುದು ಎಲ್ಲವನ್ನೂ ತಾನೇ ಹೇಳಿಕೊಡುತ್ತೇನೆ ಎಂದ. "ಅಳು ಮೇಷ್ಟ್ರು ಅಂತಲೇ ಕರೆಯುತ್ತಾರೆ ಎಲ್ಲರೂ" ಎಂದು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇತ್ತು. ಅವಳು ತಿರುಗಲಿಲ್ಲ.

"ನನ್ನ ಜೊತೆ ಬಂದುಬಿಡು ದೇವೀರಿ." ಆಮೇಲೆ ದನಿ ಒಡೆಯಿತು, ಮಾತು ಹಳ್ಳಿಗೆ ಇಳಿಯಿತು. "ನಂಗೂ ಮಗ ಕಣಮ್ಮಿ ಅವ್ನು. ನಂಗ್ ಅಳಕ್ಕೆ ಬೇರೆ ತರ ಬರಾಕಿಲ್ಲ."

ದೇವೀರಮ್ಮನ ಕೈ ನೀರಿನಲ್ಲಿ ನಿಂತಿತು. ಇದು ಸುಳ್ಳಿರಲಾರದು ಎಂದು ಅವಳಿಗೆ ತೋರಿತು. ಎಷ್ಟೋ ವರ್ಷದ ಮೇಲೆ ಅಳು ಬಂದು, ಮುಖ ತಾನಾಗಿ ಕಿವುಚಿಕೊಂಡಿತು. ಅಷ್ಟರಲ್ಲಿ ನೆಲದ ಮೇಲೆ ಬಿದ್ದಿದ್ದ ಅವನ ನೆರಳು ಮೆಲ್ಲಗೆ ಸರಿಯಿತು. ಅವನು ಅವಳ ಬಲಗಡೆಗೆ, ಬಾಗಿಲ ಬೆಳಕು ಅವಳ ಮುಖಕ್ಕೆ ಬೀಳುವ ಕಡೆಗೆ ಬರುತ್ತಿದ್ದ.

ಅವಳು ಒದ್ದೆ ಕೈಯಲ್ಲೇ ಸೆರಗು ಎಳೆದು ಮುಖ ಪೂರ್ತಿ ಮುಚ್ಚಿಕೊಂಡಳು.

"ಓಗು" ಎಂದಳು ಸೆರಗಿನೊಳಗಿಂದ. ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ.

ಅವನು ಹೊರಟುಹೋದ. ಬಸ್ಸು ಹೊರಟ ಸದ್ದು ಕೇಳಿದ ಮೇಲೂ ಅವಳು ಸೆರಗು ತೆಗೆಯಲಿಲ್ಲ. ಬೆಳ್ಳಮ್ಮ ಬಂದು ತಂಗಿಯ ಬಾಣಲೆಯ ತಳದಲ್ಲಿ ಉಳಿದಿದ್ದ ಹುಳಗಳನ್ನು ಜಾಲರಿಯಲ್ಲಿ ಎತ್ತಿ, ಹಿತ್ತಲ ಮೋರಿಯ ಬದಿಗೆ ಚೆಲ್ಲಿದಳು. ಬೇಲಿಯ ಮರೆಯಲ್ಲಿದ್ದ ಕೋಳಿಗಳು ರೆಕ್ಕೆ ಬಡಿಯುತ್ತ ಓಡಿ ಬಂದು, ಇನ್ನೂ ಹಬೆಯಾಡುತ್ತಿದ್ದ ಹುಳಗಳನ್ನು ಒಂದೊಂದಾಗಿ ಕುಕ್ಕಿ ತಿನ್ನತೊಡಗಿದವು.